ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನ ದರ ಯಾರು ಕಟ್ಟತಾರ? ನಾವು ಕೊಟ್ಟ ರೊಕ್ಕ ಹೆಂಗ ಖರ್ಚಾಗತೈತಿ?

ಟೋಪತೆನಿ (ಇಳಕಲ್)

ಎಲ್ಲಾರಿಗೂ ನಮಸ್ಕಾರ್ರಿ. ಇಳಕಲ್ಲ ಸೀರಿ, ಗುಳೇದಗುಡ್ಡ ಖಣ ಮಾರೋ ಸಣ್ಣ ಅಂಗಡಿಗೆ ಜಾಹೀರಾತು ಕೊಡಬೇಕಾಗೇತಿ. ದಿನಕ್ಕ ₹500 ಅಂತ ಹಿಡದೀವಿ. ಗಿರಾಕಿಗಳು ವಾಟ್ಸಾಪಿನ ಮ್ಯಾಲ ಮಾತಾಡಿ ತಗೋತಾರ, ವೆಬ್‌ಸೈಟ್ ಇಲ್ಲ. ರೊಕ್ಕ ಹಾಕೂಕಿಂತ ಮೊದಲ ಈ ವ್ಯವಹಾರ ಒಳಗ ಹೆಂಗ ನಡೀತೈತಿ ಅನ್ನೂದು ತಿಳ್ಕೋಬೇಕು.

ಪೇಪರಿನಾಗ ಜಾಹೀರಾತು ಕೊಟ್ಟರ ಇಷ್ಟು ಸೆಂಟಿಮೀಟರಿಗೆ ಇಷ್ಟು ಅಂತ ದರ ಇರತೈತಿ. ಇಲ್ಲಿ ದರಪಟ್ಟಿನ ಇಲ್ಲ. ಅದ ₹500ಕ್ಕ ಒಂದ ದಿನ 3,000 ಮಂದಿಗೆ ಮುಟ್ಟೇತಿ ಅಂತೈತಿ, ಇನ್ನೊಂದ ದಿನ 8,000 ಅಂತೈತಿ. ದರ ಯಾರು ಕಟ್ಟತಾರ? ಪೋಸ್ಟಿನ ಕೆಳಗಿನ ಬೂಸ್ಟ್ ಬಟನ್ ಒತ್ತಿ ರೊಕ್ಕ ಹಾಕಿದ್ರ ಸಾಕೋ, ಜಾಹೀರಾತು ನಡಸೋ ಆ್ಯಡ್ಸ್ ಮ್ಯಾನೇಜರ್ ಅನ್ನೋ ಪುಟ ಕಲೀಬೇಕೋ? ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಾಪುರ ಮೂರು ಜಿಲ್ಲಾದ ಮಂದಿಗೆ ಅಷ್ಟ ತೋರಸೂದು ಹೆಂಗ? ಇನ್ನೊಂದು, ಯೂಟ್ಯೂಬಿನಾಗ ವಿಡಿಯೋ ಹಾಕಿದವರಿಗೆ ಜಾಹೀರಾತಿನ ಪಾಲು ಕೊಡತಾರಂತ, ಆ ಲೆಕ್ಕ ಗೊತ್ತಿದ್ದವರು ಹೇಳ್ರಿ.

ಕುಂದಾನಗರಿ (ಬೆಳಗಾವಿ)

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ, ಆದ್ದರಿಂದ ಅದನ್ನೇ ವಿಸ್ತಾರವಾಗಿ ಬರೆಯುತ್ತೇನೆ.

ದರಪಟ್ಟಿ ಇಲ್ಲದಿರುವುದಕ್ಕೆ ಕಾರಣ, ಅಲ್ಲಿ ನಡೆಯುವುದು ಸವಾಲು, ಅಂದರೆ ಹರಾಜು. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಸವಾಲು ಆಗುತ್ತದಲ್ಲ, ಅದೇ ರೀತಿ. ಅಲ್ಲಿ ಒಂದೊಂದು ರಾಶಿಗೆ ಸವಾಲು, ಇಲ್ಲಿ ಒಬ್ಬೊಬ್ಬ ನೋಡುಗನ ಒಂದೊಂದು ನೋಟಕ್ಕೆ. ಟಿಳಕವಾಡಿಯಲ್ಲಿ ಒಬ್ಬರು ಇನ್‌ಸ್ಟಾಗ್ರಾಮ್ ತೆರೆದು ಬೆರಳಿನಿಂದ ಸರಿಸುತ್ತ ಹೋಗುವಾಗ ನಾಲ್ಕೈದು ಪೋಸ್ಟಿಗೊಮ್ಮೆ ಒಂದು ಜಾಗ ಖಾಲಿ ಬರುತ್ತದೆ. ಆ ಜಾಗದಲ್ಲಿ ಯಾರ ಜಾಹೀರಾತು ಕೂರಬೇಕು ಎಂಬುದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನವಾಗುತ್ತದೆ. ಆ ವ್ಯಕ್ತಿಗೆ ತೋರಿಸಲು ಬಯಸಿದ ಎಲ್ಲ ಜಾಹೀರಾತುದಾರರೂ ಆ ಸವಾಲಿನಲ್ಲಿ ಇರುತ್ತಾರೆ.

ಬೆಲ್ಲದ ಪೇಟೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಹೆಚ್ಚು ಕೂಗಿದವನೇ ಗೆಲ್ಲುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡರ ಒಡೆತನವಿರುವ ಮೆಟಾ ಕಂಪನಿ ಮೂರು ಸಂಗತಿ ಸೇರಿಸಿ ಅಂಕ ಹಾಕುತ್ತದೆ: ನೀವು ಒಂದು ಕೆಲಸಕ್ಕೆ ಕೊಡಲು ಸಿದ್ಧವಿರುವ ಮೊತ್ತ, ಈ ನೋಡುಗ ಆ ಕೆಲಸ ಮಾಡುವ ಅಂದಾಜು ಸಾಧ್ಯತೆ, ಮತ್ತು ಜಾಹೀರಾತಿನ ಗುಣಮಟ್ಟ. ಮೊದಲೆರಡನ್ನು ಗುಣಿಸಿ, ಮೂರನೆಯದನ್ನು ಕೂಡಿಸುತ್ತಾರೆ. ಕೆಲಸ ಎಂದರೆ ನೀವು ಕೇಳಿದ್ದು: ಲೈಕು, ಕ್ಲಿಕ್ಕು, ವಾಟ್ಸಾಪ್ ಸಂದೇಶ, ಖರೀದಿ, ಯಾವುದೂ ಇರಬಹುದು.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ, ಅಂಕಿ ನಾನೇ ಇಟ್ಟದ್ದು, ಗುಣಮಟ್ಟದ ಅಂಕ ಎಲ್ಲರದೂ ಸಮ ಎಂದುಕೊಳ್ಳಿ. ಬೈಕ್ ಶೋರೂಮಿನವರು ಒಂದು ಸಂದೇಶಕ್ಕೆ ₹60 ಕೊಡಲು ಸಿದ್ಧ, ಆದರೆ ಈ ನೋಡುಗ ಸಂದೇಶ ಕಳಿಸುವ ಸಾಧ್ಯತೆ 1,000ಕ್ಕೆ 5. ಹಾಗಾದರೆ ಸಾವಿರ ನೋಟಕ್ಕೆ ಅವರ ಬೆಲೆ ₹300. ಆಭರಣದ ಅಂಗಡಿ ₹100 ಕೊಡುತ್ತದೆ, ಸಾಧ್ಯತೆ 1,000ಕ್ಕೆ 2, ಬೆಲೆ ₹200. ನೀವು ಬರೀ ₹20 ಕೊಡುತ್ತೀರಿ, ಆದರೆ ಈ ನೋಡುಗ ಹೆಣ್ಣುಮಗಳು, ಸೀರೆಯ ವಿಡಿಯೋಗಳನ್ನು ನಿಂತು ನೋಡುವವಳು, ಸಾಧ್ಯತೆ 1,000ಕ್ಕೆ 20. ನಿಮ್ಮ ಬೆಲೆ ₹400. ಜಾಗ ನಿಮಗೆ. ಅಲ್ಲದೆ ನೀವು ತೆರುವುದು ಪೂರ್ತಿ ₹400 ಅಲ್ಲ, ಹಿಂದೆ ಬಿದ್ದವನನ್ನು ದಾಟಲು ಬೇಕಾದಷ್ಟು, ಅಂದರೆ ಸಾವಿರಕ್ಕೆ ₹300ರ ಆಸುಪಾಸು. ಒಂದು ಸಂದೇಶಕ್ಕೆ ₹15 ಬಿತ್ತು. ಇದೇ ಜಾಹೀರಾತು ಮಸುಕು ಫೋಟೋ ಹಾಕಿ ಮಾಡಿದ್ದು ಎನ್ನಿ, ಸಾಧ್ಯತೆ 20ರಿಂದ 10ಕ್ಕೆ ಇಳಿಯಿತು ಎನ್ನಿ. ಆಗ ನಿಮ್ಮ ಬೆಲೆ ₹200 ಆಯಿತು, ಶೋರೂಮಿಗೆ ಸೋತಿರಿ. ಮತ್ತೆ ಗೆಲ್ಲಬೇಕಾದರೆ ಒಂದು ಸಂದೇಶಕ್ಕೆ ₹30ಕ್ಕಿಂತ ಹೆಚ್ಚು ಕೂಗಬೇಕು. ಕೆಟ್ಟ ಜಾಹೀರಾತಿಗೆ ಎರಡು ಪಟ್ಟು ದರ ಬೀಳುವುದು ಹೀಗೆ. ಫೋಟೋಗೆ ಖರ್ಚು ಮಾಡಲು ಹಿಂಜರಿಯುವವರು ಈ ಗುಣಾಕಾರವನ್ನು ಒಮ್ಮೆ ಕುಳಿತು ಮಾಡಬೇಕು.

ಈಗ 3,000 ಮತ್ತು 8,000ದ ವಿಷಯ. ನಿಮ್ಮ ಜೊತೆ ಆ ದಿನ ಎಷ್ಟು ಜನ ಕೂಗುತ್ತಿದ್ದರು ಎಂಬುದರ ಮೇಲೆ ಅದು ನಿಂತಿದೆ. ದಸರಾದಿಂದ ದೀಪಾವಳಿವರೆಗೆ ದೊಡ್ಡ ಆನ್‌ಲೈನ್ ಮಳಿಗೆಗಳು, ಬೈಕ್, ಮೊಬೈಲ್, ಆಭರಣದವರು ಎಲ್ಲರೂ ಅದೇ ನೋಡುಗರ ಮೇಲೆ ಬೀಳುತ್ತಾರೆ, ಸಾವಿರ ನೋಟದ ದರ ಏರುತ್ತದೆ, ಅದೇ ₹500ಕ್ಕೆ ಕಡಿಮೆ ಜನ ಸಿಗುತ್ತಾರೆ. ದೀಪಾವಳಿ ಮುಗಿದ ವಾರ ಇಳಿಯುತ್ತದೆ. ನೀವು ಆರಿಸಿದ ಪ್ರೇಕ್ಷಕರು ತೀರ ಕಡಿಮೆಯಿದ್ದರೂ ದರ ಏರುತ್ತದೆ. ಒಬ್ಬರಿಗೇ ಐದಾರು ಸಲ ತೋರಿಸಿ, ಅವರು ಬೇಸತ್ತು ‘ಈ ಜಾಹೀರಾತು ಬೇಡ’ ಎಂದು ಒತ್ತಿದರೆ ಗುಣಮಟ್ಟದ ಅಂಕವೂ ಬೀಳುತ್ತದೆ.

ಒಂದು ಮಾತನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ನೀವು ಸಂದೇಶಕ್ಕಾಗಿ ಜಾಹೀರಾತು ಕೊಟ್ಟರೂ ಬಿಲ್ಲು ಬರುವುದು ಸಾಮಾನ್ಯವಾಗಿ ನೋಟದ ಲೆಕ್ಕದಲ್ಲಿ. ಸಂದೇಶ ಬರಲಿ ಬಿಡಲಿ, ತೋರಿಸಿದ್ದಕ್ಕೆ ರೊಕ್ಕ ಹೋಗುತ್ತದೆ. ಯಾರು ಸಂದೇಶ ಕಳಿಸಬಹುದು ಎಂಬ ಅಂದಾಜು ಯಂತ್ರದ್ದು, ಅಂದರೆ ಮೆಟಾದ ಕಂಪ್ಯೂಟರಿನದು. ಆ ಅಂದಾಜು ತಪ್ಪಿದರೆ ನಷ್ಟ ನಿಮ್ಮದು. ಹಾಗಾಗಿ ಅಂದಾಜು ಸರಿಯಾಗುವಂತೆ ಅದಕ್ಕೆ ಸರಿಯಾದ ಸುಳಿವು ಕೊಡುವುದೇ ಜಾಹೀರಾತುದಾರನ ಮುಖ್ಯ ಕೆಲಸ.

ಕಂಪನಿಗೆ ಇದರಲ್ಲಿ ಎಷ್ಟು ಗಳಿಕೆ ಎಂದರೆ, 2024ರಲ್ಲಿ ಮೆಟಾದ ಒಟ್ಟು ಆದಾಯ ಸುಮಾರು 16,450 ಕೋಟಿ ಡಾಲರ್, ಅದರಲ್ಲಿ ಜಾಹೀರಾತಿನದೇ 16,060 ಕೋಟಿ ಡಾಲರ್. ನೂರಕ್ಕೆ 97ಕ್ಕೂ ಮೇಲೆ. ಬೇರೆ ಕಸುಬೇ ಇಲ್ಲ ಅನ್ನಬಹುದು. ಜನ ಎಷ್ಟು ಹೊತ್ತು ಸರಿಸುತ್ತ ಕೂರುತ್ತಾರೋ ಅಷ್ಟು ಜಾಗ ಹುಟ್ಟುತ್ತವೆ, ಅಷ್ಟು ಸವಾಲು ನಡೆಯುತ್ತವೆ. ರೀಲ್ಸ್ ಅನ್ನು ಅಷ್ಟು ಒತ್ತಿ ಮುಂದಕ್ಕೆ ತಂದದ್ದರ ಹಿಂದೆ ಈ ಲೆಕ್ಕವೂ ಇದೆ.

ಇನ್ನೊಂದು ಅಂಕಿ ನಮ್ಮ ಕಡೆಯವರು ತಿಳಿದಿರಬೇಕು. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ ಅಮೆರಿಕ ಮತ್ತು ಕೆನಡಾದ ಒಬ್ಬ ಬಳಕೆದಾರನಿಂದ ಸರಾಸರಿ 68.44 ಡಾಲರ್ ಗಳಿಸಿತು, ಏಷ್ಯಾ ಪೆಸಿಫಿಕ್ ಭಾಗದ ಒಬ್ಬನಿಂದ 5.52 ಡಾಲರ್. ಆ್ಯಪ್ ಅದೇ. ಅಲ್ಲಿ ಕೂಗುವವರು ಹೆಚ್ಚು, ಕೊಳ್ಳುವ ಶಕ್ತಿಯೂ ಹೆಚ್ಚು. ನಮ್ಮ ನೋಟ ಅಗ್ಗ, ಆದ್ದರಿಂದ ಸಣ್ಣ ಅಂಗಡಿಗೆ ದಿನಕ್ಕೆ ₹500ರಲ್ಲೂ ಜಾಹೀರಾತು ಸಾಧ್ಯವಾಗುತ್ತದೆ.

ಘಟಪ್ರಭಾ ದಂಡಿ (ಗೋಕಾಕ)

ಮ್ಯಾಲಿನವರು ಸವಾಲಿನ ಮಾತು ಚಂದ ಬಿಡಿಸ್ಯಾರ. ನಾ ಸೆಟಿಂಗ್ ಹೇಳತೀನಿ.

ಬೂಸ್ಟ್ ಬಟನ್ ಕೆಟ್ಟದ್ದಲ್ಲ, ಆದ್ರ ಗುರಿ ನೋಡದ ಒತ್ತಿದ್ರ ಯಂತ್ರಕ್ಕ ಲೈಕು, ಕಮೆಂಟು ಹಾಕೋ ಮಂದೀನ ಹುಡುಕು ಅಂತ ಹೇಳಿದಂಗ ಆಗತೈತಿ. ಕಂಡದ್ದಕ್ಕೆಲ್ಲಾ ಲೈಕು ಒತ್ತೋ ಮಂದಿ ಬ್ಯಾರೆ, ಸೀರಿ ತಗೊಳ್ಳೋ ಮಂದಿ ಬ್ಯಾರೆ. ಯಂತ್ರಕ್ಕ ಇಬ್ಬರೂ ಗೊತ್ತದಾರ. ನೀವು ಕೇಳಿದ್ದನ್ನ ಕೊಡತೈತಿ. ಐಫೋನ್ ಇಟ್ಟವರಿಗೆ ಒಂದು ಎಚ್ಚರಿಕಿ: ಫೇಸ್‌ಬುಕ್, ಇನ್‌ಸ್ಟಾ ಆ್ಯಪಿನ ಒಳಗಿಂದ ಬೂಸ್ಟ್ ಮಾಡಿದ್ರ ಆ್ಯಪಲ್‌ನವರ ಶೇ. 30ರ ಸೇವಾ ಶುಲ್ಕ ಬೀಳಬಹುದು. ಅದ ಕೆಲಸ ಬ್ರೌಸರಿನಾಗ ಮಾಡ್ರಿ, ಆ ಶುಲ್ಕ ಇಲ್ಲ.

ಆ್ಯಡ್ಸ್ ಮ್ಯಾನೇಜರಿನಾಗ ಗುರಿ ಆರು ಅದಾವು: ಅವೇರ್‌ನೆಸ್, ಟ್ರಾಫಿಕ್, ಎಂಗೇಜ್‌ಮೆಂಟ್, ಲೀಡ್ಸ್, ಆ್ಯಪ್ ಪ್ರಮೋಶನ್, ಸೇಲ್ಸ್. ನಿಮಗ ವೆಬ್‌ಸೈಟ್ ಇಲ್ಲ, ಅದಕ್ಕ ಎಂಗೇಜ್‌ಮೆಂಟ್ ಆರಿಸಿ, ಮುಂದ ಮೆಸೇಜ್ ಹೋಗೋ ಜಾಗಾ ವಾಟ್ಸಾಪ್ ಅಂತ ಇಡ್ರಿ, ಹೆಚ್ಚು ಮಾತುಕತಿ ಸಿಗೂವಂಗ ಅನ್ನೋ ಆಯ್ಕೆ ಹಾಕ್ರಿ. ಮೊದಲ ವಾಟ್ಸಾಪ್ ಬಿಸಿನೆಸ್ ನಂಬರನ್ನ ಫೇಸ್‌ಬುಕ್ ಪೇಜಿಗೆ ಜೋಡಸಬೇಕು, ಒಟಿಪಿ ಬರತೈತಿ. ಟ್ರಾಫಿಕ್ ಬ್ಯಾಡ. ಟ್ರಾಫಿಕ್ ಅಂದ್ರ ಬರೇ ಬೆರಳು ತಾಗಸೋ ಮಂದಿ. ಯಾರರ ಟ್ರಾಫಿಕ್ ಹಾಕಿದ್ರ ಪ್ಲೇಸ್‌ಮೆಂಟಿನಾಗ (ಜಾಹೀರಾತು ಎಲ್ಲೆಲ್ಲಿ ಕಾಣಬೇಕು ಅನ್ನೋ ಸೆಟಿಂಗು) ಆಡಿಯನ್ಸ್ ನೆಟ್‌ವರ್ಕ್ ತಗೀರಿ. ಅದು ಫೇಸ್‌ಬುಕ್ಕಿನ ಹೊರಗಿನ ಆಟದ ಆ್ಯಪುಗಳೊಳಗ ತೋರಸತೈತಿ, ಆಡೋವಾಗ ಕೈ ತಪ್ಪಿ ಬಡದ ಕ್ಲಿಕ್ಕ ಅಲ್ಲಿ ಜಾಸ್ತಿ.

ಊರಿನ ಸೆಟಿಂಗಿನಾಗ ಬಾಳ ಮಂದಿ ಎಡವತಾರ. ಊರಿನ ಹೆಸರು ಹಾಕಿದ್ರ ಸುತ್ತಳತಿ 17 ಕಿಲೋಮೀಟರಿನಿಂದ 80ರ ತನಕ ಸಿಗತೈತಿ. ನಕ್ಷೆ ಮ್ಯಾಲ ಪಿನ್ ಚುಚ್ಚಿದ್ರ 1 ಕಿಲೋಮೀಟರಿನಿಂದ 80 ತನಕ. ಬೆಳಗಾವಿಗೆ 80 ಹಾಕಿದ್ರಿ ಅಂದ್ರ ಚೋರ್ಲಾ ಘಾಟ್ ಇಳದು ಗೋವಾದಾಗ ಹೊಕ್ಕತೈತಿ, ಇತ್ತಾಗ ಚಂದಗಡ ದಾಟತೈತಿ. ಅದಕ್ಕ ದೊಡ್ಡ ಸುತ್ತು ಒಂದು ಹೊಡಿಯೂಕಿಂತ ಬೆಳಗಾವಿ, ಗೋಕಾಕ, ಚಿಕ್ಕೋಡಿ, ಜಮಖಂಡಿ, ಬಾಗಲಕೋಟಿ, ವಿಜಾಪುರ, ಮುದ್ದೇಬಿಹಾಳ ಅಂತ ಸಣ್ಣ ಸಣ್ಣ ಪಿನ್ ಹಾಕ್ರಿ. ಗೋವಾ, ಮಹಾರಾಷ್ಟ್ರ ಎರಡನ್ನೂ ಎಕ್ಸ್‌ಕ್ಲೂಡ್ ಮಾಡ್ರಿ.

ಭಾಷಾದ ಕಡೆ ‘ಕನ್ನಡ’ ಅಂತ ಆರಿಸಬ್ಯಾಡ್ರಿ. ಕೇಳೂದಕ್ಕ ವಿಚಿತ್ರ ಅನಸ್ತೈತಿ, ಖರೇ ಐತಿ. ಆ ಸೆಟಿಂಗು ಆ್ಯಪ್ ಯಾವ ಭಾಷಾದಾಗ ಇಟ್ಟಾರ ಅನ್ನೂದರ ಮ್ಯಾಲ ಓಡತೈತಿ. ನಮ್ಮ ಕಡೆ ಮನ್ಯಾಗ ಕನ್ನಡ ಮಾತಾಡೋ ಮಂದೀನೂ ಆ್ಯಪ್ ಇಂಗ್ಲೀಷಿನಾಗ ಇಟ್ಟಿರತಾರ, ಅವರೆಲ್ಲಾ ಹೊರಗ ಉಳೀತಾರ. ಜಾಹೀರಾತು ಕನ್ನಡದಾಗ ಬರೀರಿ, ಭಾಷಾ ಸೆಟಿಂಗ್ ಖಾಲಿ ಬಿಡ್ರಿ. ಓದಿ ತಿಳ್ಕೊಂಡವರು ನಿಲ್ಲತಾರ, ಯಂತ್ರ ಅಂಥವರನ್ನ ಹಿಡಕೊಂಡ ಹೋಗತೈತಿ.

ವಯಸ್ಸು, ಹೆಣ್ಣು ಗಂಡು ಅಂತ ನೀವು ಹಾಕಿದ್ದನ್ನ ಅಡ್ವಾಂಟೇಜ್ ಪ್ಲಸ್ (ನೋಡುಗರನ್ನ ಯಂತ್ರನ ಹುಡುಕೋ ಸೆಟಿಂಗು) ಚಾಲೂ ಇದ್ರ ಸಲಹೆ ಅಂತ ಅಷ್ಟ ಹಿಡೀತೈತಿ. ಊರು, ಕನಿಷ್ಠ ವಯಸ್ಸು ಇಂಥಾ ಕೆಲವು ಅಷ್ಟ ಬಿಗಿ. ಸೀರಿಗೆ ಇದರಿಂದ ನುಕ್ಸಾನಿಲ್ಲ, ಗಂಡಸರೂ ಮನೀಗೆ ತಗೋತಾರ.

ವಿಡಿಯೋ ಫೋನಿನಂಗ ನಿಂತ ಅಳತೀದಾಗ ಇರಲಿ, 1080 ಪಿಕ್ಸೆಲ್ ಅಗಲ 1920 ಎತ್ತರ. ರೀಲ್ಸಿಗೆ ಮ್ಯಾಲಿನ ಶೇ. 14 ಮತ್ತ ಕೆಳಗಿನ ಶೇ. 35 ಭಾಗದಾಗ ಅಕ್ಷರ ಹಾಕಬ್ಯಾಡ್ರಿ, ಅಲ್ಲಿ ಪೇಜಿನ ಹೆಸರು, ಬಟನ್ ಬಂದು ಮುಚ್ಚತಾವು. ಮೊದಲಿನ ಮೂರು ಸೆಕೆಂಡಿನಾಗ ಸೆರಗಿನ ಟೋಪತೆನಿ ವಿನ್ಯಾಸ ಕಾಣಬೇಕು. ಅಂಗಡಿ ಬೋರ್ಡು, ದೀಪ ಹಚ್ಚೂದು ಇವೆಲ್ಲಾ ಮೊದಲಿಗೆ ಬ್ಯಾಡ. ಮತ್ತ ಸೀರಿ ಬೆಲೆ ವಿಡಿಯೋದ ಮ್ಯಾಲ ಬರೀರಿ. ಬೆಲೆ ಮುಚ್ಚಿಟ್ಟರ ‘ರೇಟ್ ಎಷ್ಟ್ರಿ’ ಅಂತ ಕೇಳಿ ಸುಮ್ಮನಾಗೋ ಮೆಸೇಜ ತುಂಬತಾವು. ಅದಕ್ಕಿಂತ ಕೆಟ್ಟದ್ದಂದ್ರ, ಯಂತ್ರ ಅಂಥಾವರನ್ನ ಛಲೋ ಗಿರಾಕಿ ಅಂತ ತಿಳದು ಅಂಥಾವರನ್ನ ಹುಡಕ್ಕೊಂತ ಹೋಗತೈತಿ. ಬೆಲೆ ಬರದ್ರ ಮೆಸೇಜ ಕಡಿಮಿ ಬರತಾವು, ಒಂದು ಮೆಸೇಜಿನ ದರ ಏರತೈತಿ, ಹೆದರಬ್ಯಾಡ್ರಿ. ನೋಡಬೇಕಾದ್ದು ಮಾರಿದ ಸೀರಿಗೆ ಎಷ್ಟು ಬಿತ್ತು ಅನ್ನೂದು.

ಇನ್ನ ಕಲಿಕಿ ಹಂತ. ಒಂದು ಆ್ಯಡ್ ಸೆಟ್ಟಿಗೆ (ಒಂದ ಬಜೆಟ್, ಒಂದ ಊರಿನ ಸೆಟಿಂಗಿನಾಗ ಓಡೋ ಜಾಹೀರಾತಿನ ಗುಂಪು) ವಾರಕ್ಕ ಸುಮಾರು 50 ಸಲ ನೀವು ಕೇಳಿದ ಕೆಲಸ ಆಗೋ ತನಕ ಯಂತ್ರ ಇನ್ನೂ ತಡವರಸ್ತಿರತೈತಿ, ‘ಲರ್ನಿಂಗ್’ ಅಂತ ತೋರಸತೈತಿ. ಲೆಕ್ಕ ಹಾಕ್ರಿ. ಒಂದು ಮಾತುಕತಿಗೆ ₹40 ಬೀಳತೈತಿ ಅಂತ ಹಿಡದ್ರ 50ಕ್ಕ ₹2,000, ಅಂದ್ರ ದಿನಕ್ಕ ₹285ರ ಮ್ಯಾಲ ಬೇಕು. ನಿಮ್ಮ ₹500 ಒಂದ ಆ್ಯಡ್ ಸೆಟ್ಟಿಗೆ ಸಾಕು. ಅದನ್ನ ಇಳಕಲ್ಲಿಗೊಂದು, ಖಣಕ್ಕೊಂದು, ಬೆಳಗಾವಿಗೊಂದು, ವಿಜಾಪುರಕ್ಕೊಂದು, ಮುಧೋಳಕ್ಕೊಂದು ಅಂತ ₹100ರಂಗ ಐದು ತುಂಡು ಮಾಡಿದ್ರ ಯಾವದೂ ಕಲಿಯೂದಿಲ್ಲ, ಐದೂ ಅರ್ಧಾ ಬೆಂದ ರೊಟ್ಟಿ. ಒಂದ ಆ್ಯಡ್ ಸೆಟ್ಟು, ಅದರೊಳಗ ಮೂರು ನಾಲ್ಕು ವಿಡಿಯೋ ಇಡ್ರಿ, ಯಾವದು ಓಡತೈತಿ ಅನ್ನೂದನ್ನ ಅದ ಆರಿಸಲಿ. ಮುಂಜಾನೆ ಒಂದ ಸಲ ಸಂಜೀಕ ಒಂದ ಸಲ ಬಜೆಟ್, ಊರು, ಗುರಿ ತಿದ್ದಬ್ಯಾಡ್ರಿ. ದೊಡ್ಡ ಬದಲಾವಣಿ ಮಾಡಿದಾಗೆಲ್ಲಾ ಕಲಿಕಿ ಮೊದಲಿನಿಂದ ಚಾಲೂ. ಒಂದು ವಾರ ಕೈ ಕಟ್ಟಿ ನೋಡ್ರಿ. ಒಂದೊಂದ ದಿನ ₹500ಕ್ಕಿಂತ ಜಾಸ್ತಿ ಖರ್ಚು ಕಾಣತೈತಿ, ವಾರದ ಮೊತ್ತ ಏಳು ದಿನದ ಬಜೆಟ್ ದಾಟೂದಿಲ್ಲ.

ಗುಮ್ಮಟದ ನೆರಳು (ವಿಜಯಪುರ)

ಘಟಪ್ರಭಾ ಅಣ್ಣಾರ, ಎಲ್ಲಾ ಒಪ್ಪತೀನಿ, ಮಹಾರಾಷ್ಟ್ರ ತಗೀರಿ ಅನ್ನೂದನ್ನ ಒಪ್ಪೂದಿಲ್ಲ. ಕರದಂಟು ಮಾರಾವರಿಗೆ, ಹೋಟೆಲಿನವರಿಗೆ ಆ ಮಾತು ಸರಿ. ಇಳಕಲ್ಲ ಸೀರಿಗೆ ಆ ಕಡೆ ಮೊದಲಿಂದ ಗಿರಾಕಿ ಅದ. ಆದ್ರ ಕನ್ನಡದ ಜಾಹೀರಾತನ್ನ ಅಲ್ಲಿ ಬಿಟ್ಟರ ರೊಕ್ಕ ಹಾಳು. ಮರಾಠಿಯೊಳಗ ಬ್ಯಾರೆ ಜಾಹೀರಾತು ಮಾಡಬೇಕು. ಮರಾಠಿ ಮಂದಿ ಈ ಸೀರಿಗೆ ‘ಇರಕಲ್’ ಅಂತಾರ. ‘ಇಳಕಲ್’ ಅಂತ ಬರದ್ರ ಅವರ ಕಣ್ಣಿಗೆ ತಟ್ಟನ ಹತ್ತೂದಿಲ್ಲ. ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಕ್ಕ ಅದನ್ನ ಬಿಡ್ರಿ. ಬೆಳಗಾವಿ ಊರೊಳಗ ಎರಡೂ ಓಡಸಬಹುದು. ದಿನಕ್ಕ ₹500 ಅಷ್ಟ ಇದ್ದರ ಮಾತ್ರ ಮೊದಲ ತಿಂಗಳ ಕನ್ನಡದ್ದೊಂದ ಇರಲಿ, ಇಲ್ಲಾಂದ್ರ ಮ್ಯಾಲ ಹೇಳಿದ 50ರ ಲೆಕ್ಕ ಮುರೀತದ.

ಈಗ ಯಾರೂ ಹೇಳದ ಮಾತು, ಲಾಭದ ಲೆಕ್ಕ. ಇದನ್ನ ಮೊದಲ ಹಾಕ್ರಿ. ದಿನಕ್ಕ ₹500, ಸಾವಿರ ನೋಟಕ್ಕ ₹100 ಅಂತ ಹಿಡದ್ರ 5,000 ನೋಟ. ನೂರಕ್ಕ ಒಬ್ಬರು ಒತ್ತಿದ್ರ 50 ಮಂದಿ. ಅದರಾಗ ಐದರೊಳಗ ಒಬ್ಬರು ವಾಟ್ಸಾಪಿನಾಗ ಮಾತಾಡಿದ್ರ 10. ಹತ್ತರೊಳಗ ಒಬ್ಬರು ತಗೊಂಡ್ರ ಒಂದು ಸೀರಿ. ಅಂದ್ರ ಒಂದು ಸೀರಿ ಮಾರಲಿಕ್ಕೆ ₹500 ಜಾಹೀರಾತು. ಅದರ ಮ್ಯಾಲ ಶೇ. 18 ಜಿಎಸ್‌ಟಿ, ₹90. ಒಟ್ಟು ₹590. ನಿಮಗ ಸೀರಿ ಮ್ಯಾಲ ಉಳಿಯೂದು ₹400 ಇದ್ದರ ಪ್ರತಿ ಸೀರಿಗೆ ₹190 ಕೈಯಿಂದ ಹೋಯ್ತು. ಜಾಹೀರಾತು ‘ಛಲೋ ಓಡಿದ್ರೂ’ ಅಂಗಡಿ ನುಕ್ಸಾನಿನಾಗ. ಈ ಅಂಕಿ ನಿಮ್ಮಲ್ಲಿ ಬ್ಯಾರೆ ಇರತಾವ, ಸರಪಳಿ ಇದ. ಯಾವ ಕೊಂಡಿ ಸಡಿಲ ಅದ ಅಂತ ಹುಡುಕ್ರಿ. ಬಾಳ ಅಂಗಡಿಗಳೊಳಗ ಅದು ಜಾಹೀರಾತಿನಾಗ ಇರೂದಿಲ್ಲ, ವಾಟ್ಸಾಪಿಗೆ ಉತ್ತರ ಕೊಡೂದರಾಗ ಇರತದ. ರಾತ್ರಿ ಒಂಬತ್ತಕ್ಕ ಮೆಸೇಜ್ ಬಂದಿರತದ, ಮರುದಿನ ಮಧ್ಯಾಹ್ನ ಉತ್ತರ ಹೋಗಿರತದ. ಹತ್ತರಾಗ ಒಬ್ಬರ ಬದಲಿ ಇಬ್ಬರು ತಗೊಂಡ್ರ ಸೀರಿಗೆ ₹295 ಆಗ್ತದ, ಲಾಭಕ್ಕ ಬಂದ್ರಿ. ಜಾಹೀರಾತಿನಾಗ ಒಂದಕ್ಷರ ತಿದ್ದದನ ದರ ಅರ್ಧಾ ಆಯ್ತು. ಅಂಗಡಿ ಮುಚ್ಚಿದ ಮ್ಯಾಲೂ ಯಾರರ ಉತ್ತರ ಕೊಡಾವರಿದ್ದರ ಜಾಹೀರಾತು ಇಡೀ ದಿನ ಓಡಸ್ರಿ.

ಜಿಎಸ್‌ಟಿ ನಂಬರ್ ಇದ್ದರ ಜಾಹೀರಾತು ಖಾತೆಯ ಬಿಲ್ಲಿಂಗ್ ಸೆಟಿಂಗಿನಾಗ ಮೊದಲ ದಿನಾನ ಹಾಕ್ರಿ. ರೆಗ್ಯುಲರ್ ನೋಂದಣಿ ಇದ್ದರ ಆ ₹90 ಇನ್‌ಪುಟ್ ಕ್ರೆಡಿಟ್ ಆಗಿ ಸಿಗತದ, ಅಂದ್ರ ನೀವು ಕಟ್ಟೋ ಜಿಎಸ್‌ಟಿಯೊಳಗ ಕಳೀಬಹುದು. ಕಂಪೋಸಿಶನ್ ಸ್ಕೀಮಿನಾಗ (ಸಣ್ಣ ವ್ಯಾಪಾರದವರು ವಹಿವಾಟಿನ ಮ್ಯಾಲ ಕಡಿಮಿ ದರದಾಗ ಜಿಎಸ್‌ಟಿ ಕಟ್ಟೋ ಪದ್ಧತಿ) ಇದ್ದವರಿಗೆ ಸಿಗೂದಿಲ್ಲ, ಅವರು ₹590 ಅಂತನ ಲೆಕ್ಕ ಹಿಡೀಬೇಕು. ಹಳೇ ವಿಡಿಯೋಗಳೊಳಗ ಆನ್‌ಲೈನ್ ಜಾಹೀರಾತಿನ ಮ್ಯಾಲ ಶೇ. 6 ಸಮೀಕರಣ ಸುಂಕ ಅಂತ ಹೇಳಿರತಾರ. ಅದು 2016ರಾಗ ಬಂದಿತ್ತು, 2025ರ ಏಪ್ರಿಲ್ 1ರಿಂದ ತಗದಾರ, ಅದರ ಚಿಂತಿ ಬಿಡ್ರಿ.

ಹಳೇ ಗಿರಾಕಿಗಳ ನಂಬರ್ ಇದ್ದರ ಅದಕ್ಕಿಂತ ಬೆಲೆಬಾಳೋದು ಯಾವುದೂ ಇಲ್ಲ. ಎಕ್ಸೆಲ್ ಹಾಳಿಯೊಳಗ ನಂಬರಿನ ಮುಂದ 91 ಹಚ್ಚಿ ಕಸ್ಟಮ್ ಆಡಿಯನ್ಸಿಗೆ (ನಿಮ್ಮದ ಪಟ್ಟಿಯ ನೋಡುಗರ ಗುಂಪು) ಏರಸ್ರಿ. 91 ಇಲ್ಲಾಂದ್ರ ಖಾತೆಗಳ ಜೊತಿ ಸರಿಯಾಗಿ ಹೊಂದೂದಿಲ್ಲ. ಅದರಾಗ ಕನಿಷ್ಠ 100 ಮಂದಿ ಹೊಂದಿದ್ರ ಅವರಂಥಾವರನ್ನ ಹುಡುಕು ಅಂತ ‘ಲುಕಲೈಕ್’ ಮಾಡಬಹುದು. ಆದ್ರ ನಿಮ್ಮ ಗಿರಾಕಿ ಒಪ್ಪಿ ಕೊಟ್ಟ ನಂಬರ್ ಅಷ್ಟ ಹಾಕ್ರಿ. ಎಲ್ಲಿಂದರ ಕೊಂಡು ತಂದ ಪಟ್ಟಿ ಹಾಕಬ್ಯಾಡ್ರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗಿ ಕೇಳತದ.

ಟೋಪತೆನಿ (ಇಳಕಲ್)

ಬಾಳ ಉಪಕಾರ ಆತ್ರಿ ಎಲ್ಲಾರದೂ. ಲಾಭದ ಸರಪಳಿ ಬರದಿಟಗೊಂಡೆ. ಎರಡು ಸಂದೇಹ ಉಳದಾವು. ನಾವು ಮಾತಾಡಿದ್ದನ್ನ ಫೋನು ಕೇಳಿಸ್ಕೊಂಡು ಜಾಹೀರಾತು ತೋರಸತೈತಿ ಅಂತಾರಲ್ಲ, ಖರೇನ? ಮತ್ತ, ಜಾಹೀರಾತು ನಡಸಿಕೊಡಾವರು ಫೇಸ್‌ಬುಕ್ ಪಾಸ್‌ವರ್ಡ್ ಕೇಳತಾರ, ಕೊಡಬೇಕ?

ಕುಂದಾನಗರಿ (ಬೆಳಗಾವಿ)

ಮೈಕಿನ ಮಾತು ಮೊದಲು. ಜಾಹೀರಾತಿಗಾಗಿ ಮೈಕ್ ಬಳಸುವುದಿಲ್ಲ ಎಂದು ಕಂಪನಿ ಹೇಳಿದೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಮಾರ್ಕ್ ಜುಕರ್‌ಬರ್ಗ್ ಕೂಡ ಇಲ್ಲ ಎಂದೇ ಉತ್ತರಿಸಿದರು. ಅದರ ಅಗತ್ಯವೂ ಇಲ್ಲ ಎಂಬುದು ಮುಖ್ಯ. ಯಾವ ರೀಲ್ ಮೇಲೆ ಎಷ್ಟು ಹೊತ್ತು ನಿಂತಿರಿ, ಯಾವ ಅಂಗಡಿಯ ಪುಟ ತೆರೆದಿರಿ, ಯಾವ ಊರಿನಲ್ಲಿದ್ದೀರಿ, ಇವು ಆ್ಯಪಿನ ಒಳಗಿನ ಸುಳಿವು. ಹೊರಗಿನ ಸಾವಿರಾರು ವೆಬ್‌ಸೈಟುಗಳಲ್ಲಿ ಮೆಟಾದ ಪಿಕ್ಸೆಲ್ ಎಂಬ ಸಣ್ಣ ಕೋಡ್ ಕುಳಿತಿರುತ್ತದೆ. ನೀವು ಯಾವುದೋ ಸೈಟಿನಲ್ಲಿ ಮಿಕ್ಸರ್ ನೋಡಿ ಕೊಳ್ಳದೆ ಬಂದರೆ ಆ ಸುದ್ದಿ ತಲುಪಿರುತ್ತದೆ. ಈ ಹೊರಗಿನ ಸುಳಿವು ಎಷ್ಟು ದುಬಾರಿ ಎಂಬುದು 2021ರಲ್ಲಿ ಗೊತ್ತಾಯಿತು. ಆ ವರ್ಷ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿ ಐಫೋನಿನಲ್ಲಿ ‘ಈ ಆ್ಯಪ್ ನಿಮ್ಮನ್ನು ಹಿಂಬಾಲಿಸಬಹುದೇ’ ಎಂದು ಕೇಳಲು ಶುರುಮಾಡಿತು, ಬಹಳ ಜನ ಬೇಡ ಎಂದರು. 2022ರಲ್ಲಿ ಇದರಿಂದ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳುತ್ತದೆ ಎಂದು ಮೆಟಾ ತಾನೇ ಅಂದಾಜು ಹೇಳಿತು.

ಕಂಪನಿ ನಿಮ್ಮ ಮಾಹಿತಿಯನ್ನು ಅಂಗಡಿಯವರಿಗೆ ಪಟ್ಟಿ ಮಾಡಿ ಮಾರುತ್ತದೆ ಎನ್ನುವುದು ಸರಿಯಲ್ಲ. ಟೋಪತೆನಿಯವರಿಗೆ ಯಾವ ಗಿರಾಕಿಯ ಹೆಸರೂ ಸಿಗುವುದಿಲ್ಲ, ಗಿರಾಕಿ ತಾನಾಗಿ ಸಂದೇಶ ಕಳಿಸುವವರೆಗೆ. ಮಾಹಿತಿ ಅವರ ಕೈಯಲ್ಲೇ ಇರುತ್ತದೆ, ಅದನ್ನು ಬಳಸಿ ಮಾಡಿದ ಅಂದಾಜನ್ನು ನಮಗೆ ನೋಟದ ರೂಪದಲ್ಲಿ ಮಾರುತ್ತಾರೆ. ಮಾಹಿತಿಯನ್ನೇ ಮಾರಿದರೆ ನಾಳೆ ನಾವು ಮತ್ತೆ ಅವರ ಬಾಗಿಲಿಗೆ ಬರಬೇಕಿಲ್ಲವಲ್ಲ.

ಒಂದು ಉಪಯೋಗದ ಮಾತು: ಮೆಟಾದ ಆ್ಯಡ್ ಲೈಬ್ರರಿ ಎಲ್ಲರಿಗೂ ತೆರೆದಿದೆ, ಲಾಗಿನ್ ಕೂಡ ಬೇಡ. ದೇಶ ಭಾರತ ಎಂದು ಇಟ್ಟು ‘ಇಳಕಲ್’, ‘ಇರಕಲ್’ ಎಂದು ಹುಡುಕಿ. ಬೇರೆ ಅಂಗಡಿಗಳು ಈಗ ಓಡಿಸುತ್ತಿರುವ ಜಾಹೀರಾತು, ಅವು ಶುರುವಾದ ದಿನಾಂಕ ಕಾಣುತ್ತದೆ. ಎರಡು ಮೂರು ತಿಂಗಳಿಂದ ನಿಲ್ಲಿಸದೆ ಓಡುತ್ತಿರುವ ಜಾಹೀರಾತನ್ನು ಗಮನವಿಟ್ಟು ನೋಡಿ, ನಷ್ಟದಲ್ಲಿದ್ದರೆ ಅಷ್ಟು ದಿನ ಸಾಮಾನ್ಯವಾಗಿ ಯಾರೂ ಓಡಿಸುವುದಿಲ್ಲ.

ಗಣೇಶ ಚೌತಿಗೆ ರಾಜಕೀಯ ನಾಯಕರ ಫೋಟೋ ಹಾಕಿ ಶುಭಾಶಯ ಬೂಸ್ಟ್ ಮಾಡುವ ರೂಢಿ ನಮ್ಮಲ್ಲಿ ಇದೆ. ಅದು ರಾಜಕೀಯ ಜಾಹೀರಾತು ಎಂದು ತಿರಸ್ಕೃತವಾಗಬಹುದು. 2019ರಿಂದ ಭಾರತದಲ್ಲಿ ಅಂಥವಕ್ಕೆ ಗುರುತಿನ ದೃಢೀಕರಣ ಮತ್ತು ‘ಹಣ ಕೊಟ್ಟವರು’ ಇಂಥವರು ಎಂದು ಜಾಹೀರಾತಿನ ಮೇಲೆ ತೋರಿಸುವ ಸಾಲು ಬೇಕು. ಸೀರೆಯ ಫೋಟೋ ಹಾಕಿ ಶುಭಾಶಯ ಹೇಳಿ, ಸಾಕು.

ಲಿಂಬಿಗಿಡ (ಇಂಡಿ)

ಯೂಟ್ಯೂಬಿನ ಪಾಲಿನ ಲೆಕ್ಕ ಕೇಳಿದ್ದಿರಿ, ಯಾರೂ ಮುಟ್ಟಿಲ್ಲ, ನಾನು ಬರೆಯುತ್ತೇನೆ.

ಫೇಸ್‌ಬುಕ್ ಫೀಡಿನಲ್ಲಿ ನಡುವೆ ಬರುವ ಜಾಹೀರಾತಿನ ಹಣ ಕಂಪನಿಗೇ ಉಳಿಯುತ್ತದೆ. ಯೂಟ್ಯೂಬಿನಲ್ಲಿ ಜಾಹೀರಾತು ಒಬ್ಬರ ವಿಡಿಯೋಗೆ ಅಂಟಿಕೊಂಡು ಬರುತ್ತದೆ, ಆದ್ದರಿಂದ ಪಾಲು. ಉದ್ದ ವಿಡಿಯೋದ ಜಾಹೀರಾತು ಆದಾಯದಲ್ಲಿ ಶೇ. 55 ವಿಡಿಯೋ ಮಾಡಿದವರಿಗೆ, ಶೇ. 45 ಯೂಟ್ಯೂಬಿಗೆ. ಶಾರ್ಟ್ಸ್‌ನಲ್ಲಿ ಲೆಕ್ಕ ಬೇರೆ, 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಶಾರ್ಟ್ಸ್ ನಡುವೆ ಬಂದ ಜಾಹೀರಾತಿನ ಹಣವನ್ನು ಒಟ್ಟುಗೂಡಿಸಿ ನೋಟದ ಪ್ರಕಾರ ಹಂಚುತ್ತಾರೆ. ಒಂದು ಹಾಡು ಬಳಸಿದ ಶಾರ್ಟ್ ಆದರೆ ಅದರ ಲೆಕ್ಕದ ಅರ್ಧ ಸಂಗೀತದವರ ಕಡೆ ಹೋಗುತ್ತದೆ, ಎರಡು ಹಾಡಾದರೆ ಮೂರರಲ್ಲಿ ಎರಡು ಪಾಲು. ಉಳಿದದ್ದು ಎಲ್ಲರ ಗಂಟಿಗೆ ಕೂಡುತ್ತದೆ, ಆ ಗಂಟಿನಲ್ಲಿ ನಿಮ್ಮ ನೋಟಕ್ಕೆ ಬಂದ ಪಾಲಿನ ಶೇ. 45 ನಿಮಗೆ. ಸ್ವಂತ ದನಿಯಲ್ಲಿ ಮಾಡಿದರೂ ಹಾಡು ಹಾಕಿದರೂ ನಿಮ್ಮ ಕೈಗೆ ಬರುವ ದರ ಅದೇ ಶೇ. 45. ಹಾಡಿನ ಖರ್ಚು ಎಲ್ಲರ ಗಂಟಿನಿಂದ ಹೋಗುತ್ತದೆ.

ಪಾಲು ಬರಲು 1,000 ಚಂದಾದಾರರು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ನೋಟ ಬೇಕು. ಜಾಹೀರಾತುದಾರನ ಕಡೆಯಿಂದ ನೋಡಿದರೆ, 5 ಸೆಕೆಂಡಿನ ನಂತರ ದಾಟಿಸಬಹುದಾದ ಜಾಹೀರಾತಿನಲ್ಲಿ ನೋಟಕ್ಕೆ ದರ ಕೊಡುವ ಬಗೆಯಲ್ಲಿ ನೋಡುಗ 30 ಸೆಕೆಂಡು, ಅದಕ್ಕಿಂತ ಚಿಕ್ಕದಿದ್ದರೆ ಕೊನೆತನಕ ನೋಡಿದರೆ ಅಥವಾ ಒತ್ತಿದರೆ ಮಾತ್ರ ಹಣ ಹೋಗುತ್ತದೆ. ಬಹಳ ಜನ ಐದೇ ಸೆಕೆಂಡಿಗೆ ದಾಟಿಸುವ ಕಡೆ ನೋಟ ಲಕ್ಷವಿದ್ದರೂ ಗಳಿಕೆ ತೆಳ್ಳಗಿರುವುದಕ್ಕೆ ಇದೂ ಕಾರಣ. ಇನ್ನೊಂದು ಕಾರಣ ಕುಂದಾನಗರಿಯವರು ಹೇಳಿದ ಸವಾಲಿನ ಮಾತಿನಿಂದಲೇ ತಿಳಿಯುತ್ತದೆ: ಕನ್ನಡದ ನೋಡುಗರಿಗಾಗಿ ಕೂಗುವ ಜಾಹೀರಾತುದಾರರು ಇಂಗ್ಲಿಷಿಗಿಂತ ಕಡಿಮೆ. ದ್ರಾಕ್ಷಿ ಬೆಳೆ, ಟ್ರ್ಯಾಕ್ಟರ್, ಸಾಲ, ವಿಮೆ ಇಂಥ ವಿಷಯದ ಕನ್ನಡ ವಿಡಿಯೋಗೆ ಹಾಸ್ಯದ ವಿಡಿಯೋಗಿಂತ ಸಾವಿರ ನೋಟಕ್ಕೆ ಹೆಚ್ಚು ಸಿಗುತ್ತದೆ, ಏಕೆಂದರೆ ಅಲ್ಲಿ ಮಾರಲು ದುಬಾರಿ ವಸ್ತು ಇಟ್ಟವರು ಕೂಗುತ್ತಾರೆ.

ಹಣ ಕೈಸೇರುವ ಹಾದಿಯಲ್ಲಿ ಮೂರು ಕಡೆ ಜನ ಸಿಕ್ಕಿಬೀಳುತ್ತಾರೆ. ಗಳಿಕೆ 10 ಡಾಲರ್ ಆದಾಗ ಆ್ಯಡ್‌ಸೆನ್ಸ್‌ನಿಂದ (ಯೂಟ್ಯೂಬಿನ ಹಣ ಕಳಿಸುವ ಗೂಗಲ್‌ನ ವ್ಯವಸ್ಥೆ) ವಿಳಾಸ ಖಚಿತಪಡಿಸುವ ಪಿನ್ ಸಂಖ್ಯೆಯ ಕಾಗದ ಅಂಚೆಯಲ್ಲಿ ಬರುತ್ತದೆ. ವಿಳಾಸದಲ್ಲಿ ಮನೆ ನಂಬರ್, ಓಣಿ, ಪಿನ್‌ಕೋಡ್ ಸರಿಯಿರಲಿ, ಹಳ್ಳಿಯಾದರೆ ಅಂಚೆಯಣ್ಣನಿಗೆ ಮೊದಲೇ ಒಂದು ಮಾತು ಹೇಳಿಡಿ. ಎರಡನೆಯದು ಅಮೆರಿಕದ ತೆರಿಗೆ ಅರ್ಜಿ. ಅದನ್ನು ತುಂಬದಿದ್ದರೆ ಒಟ್ಟು ಗಳಿಕೆಯ ಶೇ. 24ರ ವರೆಗೆ ಹಿಡಿಯಬಹುದು. ಪ್ಯಾನ್ ನಂಬರ್ ಕೊಟ್ಟು ಭಾರತದ ಒಪ್ಪಂದವನ್ನು ಆರಿಸಿದರೆ ಅಮೆರಿಕದ ನೋಡುಗರಿಂದ ಬಂದ ಭಾಗದ ಮೇಲೆ ಮಾತ್ರ ಶೇ. 15. ನಮ್ಮ ಕಡೆಯ ಚಾನೆಲ್ಲಿಗೆ ಅದು ಚಿಲ್ಲರೆ. ಮೂರನೆಯದು ಬ್ಯಾಂಕು. ಹಣ ವಿದೇಶದಿಂದ ಬರುವುದರಿಂದ ಸ್ವಿಫ್ಟ್ ಕೋಡ್ (ವಿದೇಶದ ಬ್ಯಾಂಕು ನಮ್ಮ ಬ್ಯಾಂಕನ್ನು ಗುರುತಿಸುವ ಸಂಕೇತ) ಬೇಕು, ತಾಲೂಕಿನ ಬಹಳ ಶಾಖೆಗಳಿಗೆ ಸ್ವಂತದ್ದು ಇರುವುದಿಲ್ಲ. ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆಯ ಕೋಡನ್ನು ನಿಮ್ಮ ಬ್ಯಾಂಕಿನಲ್ಲೇ ಕೇಳಿ ಬರೆಸಿಕೊಂಡು, ಅಕೌಂಟ್ ನಂಬರ್ ಮತ್ತು ಐಎಫ್‌ಎಸ್‌ಸಿ ನಿಮ್ಮ ಶಾಖೆಯದೇ ಕೊಡಿ. 100 ಡಾಲರ್ ದಾಟಿದ ಮೇಲೆ ಮುಂದಿನ ತಿಂಗಳ 21ರಿಂದ 26ರೊಳಗೆ ಕಳಿಸುತ್ತಾರೆ.

ಘಟಪ್ರಭಾ ದಂಡಿ (ಗೋಕಾಕ)

ಮಹಾರಾಷ್ಟ್ರದ ಮಾತಿನಾಗ ವಿಜಾಪುರದವರು ಹೇಳಿದ್ದು ಸರಿ, ಸೀರಿಗೆ ನನ್ನ ಸಲಹೆ ಹಿಂದಕ್ಕ ತಗೋತೀನಿ. ಗೋವಾ ಬೇಕಾದ್ರ ತಗೀರಿ.

ಪಾಸ್‌ವರ್ಡ್ ಯಾರಿಗೂ ಕೊಡಬ್ಯಾಡ್ರಿ ಟೋಪತೆನಿ ಅಣ್ಣಾರ. ಬೇಕಾಗಿಲ್ಲ. ಬಿಸಿನೆಸ್ ಪೋರ್ಟ್‌ಫೋಲಿಯೋ (ಪೇಜು, ಖಾತೆ ಎಲ್ಲಾ ಒಂದ ಕಡೆ ಇಡೋ ಮೆಟಾದ ಜಾಗಾ), ಪೇಜು, ಜಾಹೀರಾತು ಖಾತೆ ಮೂರೂ ನಿಮ್ಮ ಹೆಸರಿನಾಗ ತಗೀರಿ. ನಡಸಾವರನ್ನ ಸೆಟಿಂಗಿನಾಗ ‘ಪಾರ್ಟ್‌ನರ್’ ಅಂತ ಸೇರಿಸಿ ಜಾಹೀರಾತು ನಡಸೋ ಅಧಿಕಾರ ಅಷ್ಟ ಕೊಡ್ರಿ, ಪೂರ್ತಿ ಹಿಡಿತ ಬ್ಯಾಡ. ಅವರ ಖಾತೆಯೊಳಗ ಓಡಸಿದ್ರ ಆರು ತಿಂಗಳ ಯಂತ್ರ ಕಲತದ್ದು, ಗಿರಾಕಿಗಳ ಆಡಿಯನ್ಸು, ಬಿಲ್ಲು ಎಲ್ಲಾ ಅವರ ಹತ್ರ ಉಳೀತೈತಿ. ಅವರನ್ನ ಬಿಟ್ಟ ದಿನ ನೀವು ಮತ್ತ ಒಂದನೇ ದಿನಕ್ಕ ಬರತೀರಿ. ಅವರ ಸಂಬಳ ಬ್ಯಾರೆ, ಜಾಹೀರಾತಿನ ರೊಕ್ಕ ಬ್ಯಾರೆ, ಎರಡನೇದು ನಿಮ್ಮ ಕಡಿಂದ ನೇರ ಹೋಗಲಿ, ಬಿಲ್ಲು ನಿಮ್ಮ ಜಿಎಸ್‌ಟಿ ನಂಬರಿಗೆ ಬರಲಿ.

ಎರಡು ಹಂತದ ಲಾಗಿನ್ ಚಾಲೂ ಮಾಡ್ರಿ. ‘ನಿಮ್ಮ ಪೇಜ್ ನಿಯಮ ಮುರದೈತಿ, 24 ತಾಸಿನಾಗ ಬಂದ್ ಆಗತೈತಿ, ಈ ಲಿಂಕ್ ಒತ್ರಿ’ ಅಂತ ಮೆಸೆಂಜರಿನಾಗ ಬರೋವು ಮೋಸದವು. ಖರೇ ನೋಟಿಸು ಆ್ಯಡ್ಸ್ ಮ್ಯಾನೇಜರಿನ ಒಳಗ ಖಾತೆಯ ಸ್ಥಿತಿ ಅನ್ನೋ ಕಡೆ ಕಾಣತೈತಿ, ಅಲ್ಲಿ ಇಲ್ಲಾಂದ್ರ ಅಳಸಿ ಹಾಕ್ರಿ.

ರೊಕ್ಕ ಕಟ್ಟೂದಕ್ಕ ಯುಪಿಐ ಮ್ಯಾಲ ಮೊದಲ ತುಂಬಿ ಖರ್ಚು ಮಾಡೋ ಪದ್ಧತಿ ಸಣ್ಣ ಅಂಗಡಿಗೆ ಹಗರ. ಕಾರ್ಡು ಹಾಕಿದ್ರ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಐತಿ, ತಾನಾಗಿ ಕಡಿಯೋ ಹಣಕ್ಕ ಮೊದಲ ಒಪ್ಪಿಗಿ ಬೇಕು, ₹15,000 ದಾಟಿದ್ರ ಪ್ರತಿ ಸಲ ಒಟಿಪಿ. ಪೇಮೆಂಟ್ ಬಿದ್ದಿಲ್ಲಾಂದ್ರ ಜಾಹೀರಾತು ನಡುವ ನಿಲ್ಲತೈತಿ, ಅದೂ ಹಬ್ಬದ ವಾರದಾಗ ನಿಂತ್ರ ಬಾಳ ತ್ರಾಸು. ಒಂದು ವಾರದ ₹3,500 ಮತ್ತ ಅದರ ಜಿಎಸ್‌ಟಿ ₹630, ಒಟ್ಟು ₹4,130 ಸೋಮವಾರ ಮುಂಜಾನೆ ತುಂಬಿಟ್ಟ ಬಿಡ್ರಿ. ಮೊದಲ ವಾರ ಮುಗದ ಮ್ಯಾಲ ಮಾತುಕತಿ ಎಷ್ಟು, ಸೀರಿ ಎಷ್ಟು ಹೋದವು ಅಂತ ಇಲ್ಲಿ ಹಾಕ್ರಿ, ಯಾವ ಕೊಂಡಿ ಸಡಿಲ ಐತಿ ನೋಡೂಣು.